ಹತ್ತೂವರೆಯೊಳಗೆ

ಆ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ಒಂದು ಮಾತು ಬಹಳ ವರ್ಷಗಳಿಂದ ಓಡಾಡಿಕೊಂಡಿತ್ತು. ಹೊಸದಾಗಿ ಕೆಲಸಕ್ಕೆ ಸೇರಿದವರು ಕೊಳವೆ ಜೋಡಿಸುವಾಗ ಅವಸರ ಮಾಡಿದರೆ ಹಿರಿಯರು ಗದರುತ್ತಿದ್ದರು: “ನೋಡ್ಕೊಂಡ್ ಮಾಡಮ್ಮ, ಮುರುಗೇಶ್ ಮಾಡ್ಬೇಡ.” ಮುರುಗೇಶ್ ಮಾಡುವುದೆಂದರೆ ಕೊಳವೆಯಲ್ಲಿ ಗಾಳಿಗುಳ್ಳೆ ಉಳಿಸುವುದು. ಉಳಿದ ಗುಳ್ಳೆ ರಕ್ತದ ಜೊತೆ ಮಿದುಳಿಗೆ ಹೋದರೆ ರೋಗಿ ಮತ್ತೆ ಕಣ್ಣು ಬಿಡುವುದಿಲ್ಲ. ಈ ಮುರುಗೇಶ್ ಯಾರು, ಎಲ್ಲಿಯವನು, ನಿಜವಾಗಿ ಏನು ಮಾಡಿದ ಎಂದು ಕೇಳಿದವರಿಲ್ಲ. ಹೇಳಬಲ್ಲವಳು ಒಬ್ಬಳಿದ್ದಳು, ಅವಳು ಬಾಯಿ ಬಿಡುತ್ತಿರಲಿಲ್ಲ. ಹಂಸಾ ಅವನ ಮಗಳು.

ಹಂಸಾಳ ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ಎದೆ ತೆರೆದು, ಹೃದಯವನ್ನು ನಿಲ್ಲಿಸಿ ರಿಪೇರಿ ಮಾಡುವಷ್ಟು ಹೊತ್ತು, ಹೃದಯದ್ದೂ ಶ್ವಾಸಕೋಶದ್ದೂ ಚಾಕರಿಯನ್ನು ಹೊರಗಿನಿಂದ ಒಂದು ಯಂತ್ರ ಮಾಡುತ್ತದೆ. ಅದನ್ನು ನಡೆಸುವವರಿಗೆ ಪರ್ಫ್ಯೂಷನಿಸ್ಟ್ ಎಂದು ಹೆಸರು. ಬಾಯಿ ತಿರುಗದವರು ಪಂಪಿನವರು ಎನ್ನುತ್ತಾರೆ. ರೋಗಿ ಬದುಕಿದರೆ ಮನೆಯವರು ಸರ್ಜನ್ನನ ಕಾಲಿಗೆ ಬೀಳುತ್ತಾರೆ, ಮೈಸೂರುಪಾಕಿನ ಡಬ್ಬಿ ಅವನ ಕೋಣೆಗೆ ಹೋಗುತ್ತದೆ. ಎರಡು ಗಂಟೆ ಆ ಮನುಷ್ಯನ ಪ್ರಾಣವನ್ನು ತನ್ನ ಕೈಯಲ್ಲಿ ಹಿಡಿದು ಕೂತವಳ ಹೆಸರೂ ಅವರಿಗೆ ಗೊತ್ತಿರುವುದಿಲ್ಲ. ಇದನ್ನು ಹಂಸಾ ಎಂದೂ ಮನಸ್ಸಿಗೆ ಹಚ್ಚಿಕೊಂಡವಳಲ್ಲ. ಇಪ್ಪತ್ತಮೂರು ವರ್ಷದಿಂದ ಅವಳಿಗೆ ಹತ್ತಿದ್ದ ಮುಳ್ಳು ಒಂದೇ, ಆ ಮಾತು.

ಅವಳು ಈ ಕೆಲಸಕ್ಕೆ ಬಂದದ್ದೇ ಅಪ್ಪನ ಬೆರಳು ನೋಡಿ. ಚಾಮರಾಜಪೇಟೆಯ ಮನೆಯಲ್ಲಿ ಮುರುಗೇಶ ಕೈಗೆ ಸಿಕ್ಕಿದ್ದನ್ನೆಲ್ಲ ತಟ್ಟುತ್ತಿದ್ದ. ಸೋಡಾ ಬಾಟಲಿಯಾಗಲಿ, ಮಗಳ ಕೆಮ್ಮಿನ ಔಷಧಿಯ ಶೀಶೆಯಾಗಲಿ, ಗಾಜಿನ ಲೋಟದ ಮಜ್ಜಿಗೆಯಾಗಲಿ, ಉಗುರಿನಿಂದ ಟಕ್ ಟಕ್ ಎಂದು ತಟ್ಟಿ, ಬೆಳಕಿಗೆ ಹಿಡಿದು, ಗುಳ್ಳೆಯೆಲ್ಲ ಮೇಲಕ್ಕೆ ಹೋಯಿತೆಂದು ಖಾತ್ರಿಯಾದ ಮೇಲೆಯೇ ಕೊಡುತ್ತಿದ್ದ. ಶುಕ್ರವಾರ ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಪೇಟೆಯ ಪಾತ್ರೆ ಅಂಗಡಿಗೆ ಹೊರಡುವ ಮುಂಚೆ, ಗೋಡೆಗೊರಗಿ ಕೂತು ಬೆರಳು ಮಡಿಸುತ್ತಿದ್ದ. ಒಂದು, ಎರಡು, ಮೂರು. ಆರಕ್ಕೆ ಬಂದು ನಿಲ್ಲುತ್ತಿದ್ದ. “ಆರರ ತಂಕ ನೆನಪಿದೆ ಪುಟ್ಟಿ. ಏಳನೇದು ತಟ್ಟಿದ ನೆನಪೇ ಇಲ್ಲ” ಎನ್ನುತ್ತಿದ್ದ. ಒಂಬತ್ತು ವರ್ಷದ ಹಿಂದೆ ಸಾಯುವ ದಿನವೂ ಅವನ ಎಣಿಕೆ ಆರಕ್ಕೇ ನಿಂತಿತ್ತು.

ಐವತ್ತಮೂರು ವರ್ಷದ ಹಿಂದಿನ ಎಣಿಕೆ ಅದು. ಆಗ ಡಾಕ್ಟರ್ ಸಂಕರ್ಷಣ ಎಂಬ ಮೂವತ್ತೊಂದರ ಯುವಕ, ಹೊರದೇಶದ ಯಂತ್ರ ತರಿಸಲು ಶಕ್ತಿಯಿಲ್ಲದಿದ್ದ ಇದೇ ಆಸ್ಪತ್ರೆಯ ಹಿತ್ತಲ ಶೆಡ್ಡಿನಲ್ಲಿ, ತಾನೇ ಅಂಥದೊಂದು ಯಂತ್ರ ಮಾಡುತ್ತೇನೆಂದು ಹಟ ಹಿಡಿದು ಕೂತಿದ್ದ. ಎಲ್ಲೂ ಬೆಸುಗೆಯ ಗುರುತಿಲ್ಲದ ಸ್ಟೀಲ್ ಪಾತ್ರೆ ಹುಡುಕಿಕೊಂಡು ಪೇಟೆಗೆ ಬಂದವನು ಮುರುಗೇಶನ ಅಂಗಡಿಯ ಕಟ್ಟೆ ಹತ್ತಿದ. ಯಾತಕ್ಕೆ ಎಂದು ಮುರುಗೇಶ ಕೇಳಿದ. ಡಾಕ್ಟರು ಹೇಳಿದ. ಮಾರನೆಯ ದಿನದಿಂದ ಮುರುಗೇಶ ಅಂಗಡಿಯನ್ನು ಅಣ್ಣನಿಗೆ ಬಿಟ್ಟು ಶೆಡ್ಡಿಗೆ ಹೋದ. ರಕ್ತ ತಳ್ಳುವ ಉರುಳೆಗಳನ್ನು ಲೇತಿನಲ್ಲಿ ಕಡೆದವನು ಅವನು, ಕೊಳವೆ ಹೊಂದಿಸಿದವನು ಅವನು. ಎರಡು ವರ್ಷ ಬೀದಿನಾಯಿಗಳ ಮೇಲೆ ಪ್ರಯೋಗ ನಡೆಯಿತು. ಸತ್ತ ನಾಯಿಗಳಿಗೆಲ್ಲ ಮುರುಗೇಶ ಹೆಸರಿಟ್ಟ. ಬದುಕಿದವು ಹೇಗೂ ಓಡಿಹೋಗುತ್ತವೆ, ಅವಕ್ಕೆ ಯಾಕೆ ಎನ್ನುತ್ತಿದ್ದ.

ಯಂತ್ರದಿಂದ ರೋಗಿಯ ಕಡೆಗೆ ಹೋಗುವ ಕೊಳವೆಗೆ ಏಳು ಜಾಯಿಂಟುಗಳಿದ್ದವು. ಗುಳ್ಳೆ ಕೂರುವುದು ಅಲ್ಲಿಯೇ. ಒಂದೊಂದನ್ನೂ ತಟ್ಟಿ, ಗುಳ್ಳೆ ಬಿಡಿಸಿ, ಆಮೇಲೆ ಪಂಪ್ ಹಾಕಬೇಕು. ಅದು ಮುರುಗೇಶನೇ ಮಾಡಿಕೊಂಡ ಕ್ರಮ. ಮೊದಲ ರೋಗಿ ಅಂಜಮ್ಮ ಎಂಬ ಹನ್ನೆರಡರ ಹುಡುಗಿ, ಹೃದಯದ ನಡುಗೋಡೆಯಲ್ಲಿ ತೂತು. ಅವತ್ತು ಶುಕ್ರವಾರ. ತೂತು ಚೆನ್ನಾಗಿಯೇ ಮುಚ್ಚಿತು, ಹುಡುಗಿ ಮಾತ್ರ ಎಚ್ಚರಾಗಲಿಲ್ಲ. ಮೂರನೆಯ ದಿನ ಹೋದಳು. ಏಳನೆಯ ಜಾಯಿಂಟಿನಲ್ಲಿ ಗಾಳಿ ಉಳಿದಿತ್ತು, ತಂತ್ರಜ್ಞ ಮುರುಗೇಶನ ಅಜಾಗರೂಕತೆ ಎಂದು ಡಾಕ್ಟರು ವರದಿ ಬರೆದ. ಮುರುಗೇಶ ತಲೆ ತಗ್ಗಿಸಿಕೊಂಡು ಅಂಗಡಿಗೆ ವಾಪಸು ಬಂದ. ಡಾಕ್ಟರು ಇನ್ನೊಬ್ಬ ತಂತ್ರಜ್ಞನನ್ನು ಇಟ್ಟುಕೊಂಡು ಎರಡನೆಯ ರೋಗಿಯನ್ನು ಉಳಿಸಿದ, ಮೂರನೆಯವನನ್ನೂ ಉಳಿಸಿದ, ದೊಡ್ಡ ಮನುಷ್ಯನಾದ. ಆಸ್ಪತ್ರೆಯ ಪ್ರತಿಯೊಂದು ಸ್ಮರಣ ಸಂಚಿಕೆಯಲ್ಲೂ ಅವನ ಫೋಟೋ, ಕೆಳಗೆ ಆ ವರದಿಯ ಸಾಲು. ವರದಿಯಿಂದ ಹೆಸರು ಜನರ ಬಾಯಿಗೆ ಬಂತು.

ಈ ಕಾರ್ತಿಕದಲ್ಲಿ ಡಾಕ್ಟರ್ ಸಂಕರ್ಷಣರ ಹೃದಯವೇ ಕೈಕೊಟ್ಟಿತು. ಎಂಬತ್ನಾಲ್ಕು ವಯಸ್ಸು, ಕವಾಟ ಸುಣ್ಣಗಟ್ಟಿತ್ತು, ಜೊತೆಗೆ ಎರಡು ರಕ್ತನಾಳ ಮುಚ್ಚಿದ್ದವು. ತೊಡೆಯಿಂದ ತಂತಿ ಹಾಕಿ ಮುಗಿಸುವ ಕೆಲಸವಲ್ಲ, ಎದೆ ತೆರೆಯಲೇಬೇಕು ಎಂದು ಸರ್ಜನ್ ಆತ್ರೇಯ ಹೇಳಿದ. ಆತ್ರೇಯ ಸಂಕರ್ಷಣರ ಕೈಕೆಳಗೇ ಕಲಿತವನು. ಆಪರೇಷನ್ನಿಗೆ ಶುಕ್ರವಾರ ನಿಗದಿಯಾಯಿತು. ಬುಧವಾರ ಮಧ್ಯಾಹ್ನ ಡಾಕ್ಟರ ಮಗಳು ಸುಪ್ರಜಾಳಿಂದ ಹಂಸಾಳಿಗೆ ಫೋನ್ ಬಂತು. “ಅಪ್ಪ ನಿಮ್ಮನ್ನ ನೋಡ್ಬೇಕಂತೆ. ಸ್ವಲ್ಪ ಮನೆಗೆ ಬಂದು ಹೋಗ್ತೀರಾ?”

ಶಂಕರಪುರಂನ ಆ ಮನೆಗೆ ಅವಳು ಕಾಲಿಟ್ಟದ್ದು ಅದೇ ಮೊದಲು. ಎರಡೂ ಪಕ್ಕದಲ್ಲಿ ಅಪಾರ್ಟ್‌ಮೆಂಟ್ ಎದ್ದು, ಮನೆಯೊಳಗೆ ಮಧ್ಯಾಹ್ನ ಮೂರಕ್ಕೇ ದೀಪ ಹಾಕಬೇಕಾಗಿತ್ತು. ಸುಪ್ರಜಾ ಕಾಫಿ ತಂದಿಟ್ಟು ಒಳಗೆ ಹೋದಳು. ಡಾಕ್ಟರು ಬೆತ್ತದ ಕುರ್ಚಿಯಲ್ಲಿ ಶಾಲು ಹೊದ್ದು ಕೂತಿದ್ದರು. ಮಾತಿಗೆ ಮಾತಿಗೆ ಉಸಿರು ತೆಗೆದುಕೊಳ್ಳಲು ನಿಲ್ಲುತ್ತಿದ್ದರು, ನಿಂತಾಗ ಎದೆಯೊಳಗಿನಿಂದ ಕೀರಲು ಸದ್ದೊಂದು ಕೇಳುತ್ತಿತ್ತು.

“ಕೈ ತೋರ್ಸು” ಎಂದರು.

ಹಂಸಾ ಏನೂ ತೋಚದೆ ಕೈ ಚಾಚಿದಳು. ಮುದುಕರು ಅವಳ ತೋರುಬೆರಳನ್ನು ಹಿಡಿದು ತಿರುಗಿಸಿ ನೋಡಿದರು. ಅವರ ಕೈ ಮಣ್ಣಿನ ಹೂಜಿಯ ಹಾಗೆ ತಣ್ಣಗಿತ್ತು.

“ಅವನದೇ ಬೆರಳು” ಎಂದರು. “ಶುಕ್ರವಾರ ಪಂಪ್ ಯಾರು ನಡೆಸ್ತಾರೆ?”

“ಲಿಸ್ಟಲ್ಲಿ ಅಭಿನಂದನ್ ಹೆಸರಿದೆ ಡಾಕ್ಟ್ರೇ.”

“ಅವನು ಬೇಡ. ನೀನು ನಡ್ಸು. ಆತ್ರೇಯಂಗೆ ಹೇಳಿದೀನಿ.” ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡರು. “ಆವತ್ತಿನ ಬಗ್ಗೆ ಮುರುಗೇಶ ನಿನಗೆ ಏನು ಹೇಳ್ತಿದ್ದ?”

“ಆರರ ತನಕ ತಟ್ಟಿದ್ದು ನೆನಪಿದೆ, ಏಳನೇದು ನೆನಪಿಲ್ಲ ಅಂತಿದ್ರು.”

“ತಟ್ಟಿದ್ರೆ ತಾನೆ ನೆನಪಿರೋದು? ಅವನು ತಟ್ಟಲಿಲ್ಲ. ತಟ್ಟಕ್ಕೆ ನಾನು ಬಿಡ್ಲಿಲ್ಲ.”

ಮುದುಕರು ಕಾಯಿಲೆಯ ವಿವರ ಹೇಳುವವರ ಹಾಗೆ ಮುಂದುವರಿಸಿದರು.

“ಶುಕ್ರವಾರ ಹತ್ತೂವರೆಗೆ ರಾಹುಕಾಲ. ಬೆಳಿಗ್ಗೆ ನಮ್ಮಮ್ಮ ಹೇಳಿ ಕಳ್ಸಿದ್ರು, ಮೊದಲ್ನೇ ಕೆಲಸ, ಹತ್ತೂವರೆಯೊಳಗೆ ಶುರು ಮಾಡಪ್ಪ ಅಂತ. ನಾನು ನಕ್ಕಿದ್ದೆ. ಬಸವನಗುಡಿಯಲ್ಲಿ ಸಭೆ ಸಭೆಗೆ ಹೋಗಿ ಪಂಚಾಂಗದವರನ್ನ ಹಾಸ್ಯ ಮಾಡ್ತಿದ್ದವನು ನಾನು. ಗಡಿಯಾರ ಹತ್ತು ಇಪ್ಪತ್ತೇಳು ಆಯ್ತು ನೋಡು, ಆಗ ನಗು ಬರ್ಲಿಲ್ಲ. ನಿಮ್ಮಪ್ಪ ‘ಇನ್ನೊಂದಿದೆ ಡಾಕ್ಟ್ರೇ, ಮೂರೇ ನಿಮಿಷ’ ಅಂದ. ಅವನ ಕೈ ಹಿಡಿದು ಪಕ್ಕಕ್ಕೆಳೆದು ಸ್ವಿಚ್ ನಾನೇ ಹಾಕ್ದೆ.”

“ಅಪ್ಪಂಗೆ ಅದು ನೆನಪಿರ್ಲಿಲ್ವಾ?”

“ಆ ಹುಡುಗಿ ಮಲಗಿದ್ದ ಮೂರು ದಿನ ಅವನಿಗೆ ಊಟ ಇಲ್ಲ, ನಿದ್ದೆ ಇಲ್ಲ. ನಾಲ್ಕನೇ ದಿನ ನಾನು ಕೂಡ್ರಿಸ್ಕೊಂಡು ಹೇಳ್ದೆ, ಮುರುಗೇಶ, ಏಳನೇದು ನೀನು ಮರ್ತೆ ಅಂತ. ನಂಬಿದ. ನಾನು ಏನು ಹೇಳಿದ್ರೂ ನಂಬ್ತಿದ್ದ ಅವನು.”

ಅಪ್ಪ ಗೋಡೆಗೊರಗಿ ಬೆರಳು ಮಡಿಸುತ್ತಿದ್ದ ಶುಕ್ರವಾರಗಳೆಲ್ಲ ಹಂಸಾಳ ಕಣ್ಣಿಗೆ ಕಟ್ಟಿದವು. ಒಂದು ಮಾತು, ಬರೀ ಒಂದು ಮಾತು ಈ ಮನುಷ್ಯ ಹೇಳಿದ್ದರೆ ಆ ಬೆರಳುಗಳು ನಿಲ್ಲುತ್ತಿದ್ದವು. ಅವಳಿಗೆ ಅವರ ಶಾಲು ಹಿಡಿದು ಅಲ್ಲಾಡಿಸಬೇಕೆನ್ನಿಸಿತು. ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು.

“ಹುಡುಗಿ ಸತ್ತಿದ್ದಕ್ಕಲ್ಲ ನಾನು ಮುಚ್ಚಿಟ್ಟಿದ್ದು” ಎಂದರು ಡಾಕ್ಟರು. “ಮೊದಲ್ನೇ ಸಲ ಯಾರ ಕೈಲಾದ್ರೂ ರೋಗಿ ಸಾಯ್ತಾರೆ. ರಾಹುಕಾಲ ನೋಡ್ದೆ ಅಂತ ಹ್ಯಾಗೆ ಬರೀಲಿ? ಮುಖ ಎತ್ಕೊಂಡು ಓಡಾಡಕ್ಕೆ ಆಗ್ತಿತ್ತಾ?”

ಪಕ್ಕದ ಮೇಜಿನ ಖಾನೆಯಿಂದ ಹಳೆಯ ಪ್ರಯೋಗದ ನೋಟುಬುಕ್ಕು ತೆಗೆದು, ಅದರೊಳಗಿನ ಒಂದು ಹಾಳೆಯನ್ನು ಅವಳಿಗೆ ಕೊಟ್ಟರು. ಈಚೆಗೆ ಬರೆದದ್ದು, ಅಕ್ಷರ ನಡುಗಿದ್ದವು. ಹೇಳಿದ್ದೆಲ್ಲ ಅದರಲ್ಲಿತ್ತು: ಹತ್ತು ಇಪ್ಪತ್ತೇಳು, ಎಳೆದ ಕೈ, ಸ್ವಿಚ್ಚು, ವರದಿಯ ಸುಳ್ಳು. ಮುರುಗೇಶನ ಹೆಸರನ್ನು ಸಂಚಿಕೆಯಿಂದಲೂ ಹೊಸಬರ ಪಾಠದಿಂದಲೂ ತೆಗೆಯಬೇಕೆಂದು ಆಸ್ಪತ್ರೆಗೆ ವಿನಂತಿ. ಕೊನೆಯಲ್ಲಿ ಖಾಲಿ ಜಾಗ.

“ಸಹಿ ಇಲ್ಲ” ಎಂದಳು ಹಂಸಾ.

“ಆಪರೇಷನ್ ಆದ್ಮೇಲೆ. ಬದುಕಿದ್ರೆ ಹಾಕ್ತೀನಿ.” ಹಾಳೆಯನ್ನು ವಾಪಸು ತೆಗೆದುಕೊಂಡು ನೋಟುಬುಕ್ಕಿನಲ್ಲಿಟ್ಟು ಖಾನೆ ಮುಚ್ಚಿದರು.

ಅವಳಿಗೆ ಆಗ ಅರ್ಥವಾಯಿತು. ಇದು ಪಶ್ಚಾತ್ತಾಪವಲ್ಲ, ಮುಂಜಾಗ್ರತೆ. ಇವತ್ತಲ್ಲ ನಾಳೆ ಮುರುಗೇಶನ ಮಗಳಿಗೆ ನಿಜ ಗೊತ್ತಾಗಬಹುದು, ಆ ಬೆರಳನ್ನೇ ನಂಬಿ ಅಂಥವಳ ಕೈಗೆ ಪ್ರಾಣ ಕೊಡಬೇಕಾದರೆ ಅವಳಿಗೆ ಆ ಪ್ರಾಣ ಉಳಿಯುವುದು ಬೇಕಾಗುವ ಹಾಗೆ ಮಾಡಿಡಬೇಕು. ತಾನು ಸಾಯಿಸಬಹುದು ಎಂದು ಈ ಮುದುಕ ಲೆಕ್ಕ ಹಾಕಿ ಕೂತಿದ್ದಾನೆ ಎಂಬುದು ಅವಳನ್ನು ಉಳಿದ ಎಲ್ಲಕ್ಕಿಂತ ಹೆಚ್ಚು ಸುಟ್ಟಿತು.

“ಈ ಶುಕ್ರವಾರಾನೂ ಹತ್ತೂವರೆಯೊಳಗೇನಾ ಡಾಕ್ಟ್ರೇ?” ಎಂದು ಎದ್ದು ನಿಂತು ಕೇಳಿದಳು.

ಅವರು ಕಿಟಕಿಯ ಕಡೆ ನೋಡಿದರು. “ಸುಪ್ರಜಾ ಹೇಳಿದಾಳೆ ಆತ್ರೇಯಂಗೆ. ನಾನು ಬೇಡ ಅನ್ಲಿಲ್ಲ.”

ಮನೆಗೆ ಬಂದು ಹಂಸಾ ಎಲ್ಲವನ್ನೂ ತಾಯಿ ಮಹಾನಂದಮ್ಮನಿಗೆ ಹೇಳಿದಳು. ಹೇಳಬಾರದಿತ್ತೇನೋ. ಆಕೆ ಸೊಪ್ಪು ಸೋಸುತ್ತಿದ್ದಳು, ಕೈ ಹಾಗೇ ನಿಂತುಹೋಯಿತು. ಸೆರಗಿನಿಂದ ಮುಖ ಒರೆಸಿಕೊಂಡಳು.

“ನೀನು ಒಲ್ಲೆ ಅಂತ ಹೇಳ್ಬಹುದಲ್ವಾ?”

“ಹೇಳ್ಬಹುದು. ಅಭಿನಂದನ್ ನಡೆಸ್ತಾನೆ. ಅವನ ಕೈಲಿ ಏನಾದ್ರೂ ಆದ್ರೆ ಸಹಿ ಹೋಯ್ತು.”

“ಹಂಗಾದ್ರೆ ನೀನೇ ನಡ್ಸು. ಉಳಿಸ್ಕೊಂಡು ಬಾ ಅವನನ್ನ. ಸಹಿ ಹಾಕ್ಸಿ ಆ ಕಾಗ್ದ ತಂದು ನಿಮ್ಮಪ್ಪನ ಫೋಟೋ ಮುಂದೆ ಇಡು.” ಮಹಾನಂದಮ್ಮ ಮತ್ತೆ ಸೊಪ್ಪಿಗೆ ಕೈ ಹಾಕಿದಳು. “ಅದಾದ್ಮೇಲೆ ಅವನು ಏನಾದ್ರೂ ಆಗ್ಲಿ.”

ಶುಕ್ರವಾರ ಬೆಳಿಗ್ಗೆ ಥಿಯೇಟರಿನಲ್ಲಿ ಎಂದಿನ ಹರಟೆ ಇರಲಿಲ್ಲ. ಮೇಜಿನ ಮೇಲೆ ಮಲಗಿದ್ದವರು ಈ ಕಲೆಯನ್ನು ಈ ಊರಿಗೆ ತಂದ ಹಿರಿಯರು, ಎಲ್ಲರಿಗೂ ಭಯಭಕ್ತಿ. ಆತ್ರೇಯ ಎರಡು ಸಲ ಗೋಡೆಯ ಗಡಿಯಾರ ನೋಡಿ, ಮೂರನೆಯ ಸಲ ಯಾರೋ ನೋಡಿಯಾರೆಂದು ನಾಚಿ ಕತ್ತು ತಿರುಗಿಸಿದ. ಎಂಬತ್ನಾಲ್ಕರ ಮೂಳೆ, ಎದೆ ತೆರೆಯುವುದೇ ನಿಧಾನವಾಯಿತು. ಹತ್ತೂ ಕಾಲಿಗೆ ಕೊಳವೆ ಸೇರಿಸುವ ಹೊತ್ತು ಬಂತು.

ಈಗಿನ ಯಂತ್ರ ಅಪ್ಪನ ಕಾಲದ್ದಲ್ಲ. ಗುಳ್ಳೆ ಸೋಸುವ ಜಾಲರಿ ಇದೆ, ಗುಳ್ಳೆ ಕಂಡರೆ ಕೂಗುವ ಸೆನ್ಸರ್ ಇದೆ. ಆದರೂ ರೋಗಿಯ ಕಡೆಗೆ ಹೋಗುವ ದಾರಿಯಲ್ಲಿ ಹಂಸಾಳ ಲೆಕ್ಕಕ್ಕೆ ಜಾಯಿಂಟುಗಳು ಇವತ್ತಿಗೂ ಏಳೇ. ಕೊಳವೆಯಲ್ಲಿ ನೀರಿನಂಥ ದ್ರಾವಣ ತಿರುಗುತ್ತಿತ್ತು. ಅವಳು ಒಂದನೆಯದನ್ನು ತಟ್ಟಿದಳು, ಎರಡನೆಯದನ್ನು ತಟ್ಟಿದಳು, ಮೂರನೆಯದನ್ನು ತಟ್ಟಿದಳು. ನಾಲ್ಕನೆಯದರ ಬಳಿ ಕೂದಲೆಳೆಯಷ್ಟು ಸಣ್ಣ ಗುಳ್ಳೆಗಳ ಸಾಲೊಂದು ಏಳುತ್ತಿತ್ತು. ತಟ್ಟಿದಳು, ಹೋಯಿತು. ಮತ್ತೆ ಬಂತು.

“ರೆಡೀನಾ ಹಂಸಾ?” ಆತ್ರೇಯ ಕೇಳಿದ. “ಹತ್ತು ಇಪ್ಪತ್ತೈದು.”

“ಇಲ್ಲ ಸರ್. ಗಾಳಿ ಬರ್ತಿದೆ.”

“ಸೆನ್ಸರ್ ಕೂಗ್ತಿಲ್ವಲ್ಲ?”

“ನನ್ನ ಕಣ್ಣಿಗೆ ಕಾಣ್ತಿದೆ ಸರ್.”

“ಟೈಮ್ ನೋಡಮ್ಮ ಸ್ವಲ್ಪ” ಎಂದ ಆತ್ರೇಯ. ದನಿ ತಗ್ಗಿಸಿ ಸೇರಿಸಿದ: “ಮನೆಯವರಿಗೆ ಮಾತು ಕೊಟ್ಟಿದೀನಿ.”

ಹಂಸಾ ಗಡಿಯಾರ ನೋಡಲಿಲ್ಲ. ಪಕ್ಕದ ಸಣ್ಣ ಮೂತಿಯೊಂದರ ಮುಚ್ಚಳ ಅರ್ಧ ಸುತ್ತು ಸಡಿಲವಾಗಿತ್ತು, ಗಾಳಿ ಎಳೆದುಕೊಳ್ಳುತ್ತಿದ್ದದ್ದು ಅಲ್ಲಿಂದ. ಅದನ್ನು ತೆಗೆದು ಹೊಸದು ಹಾಕಿದಳು. ಒಂದು ಬದಲಾಯಿಸಿದರೆ ಒಂದನೆಯದರಿಂದ ಮತ್ತೆ ಶುರು ಮಾಡಬೇಕು, ಅದು ಅಪ್ಪನ ಕ್ರಮ. ಅವಳು ಮತ್ತೆ ಶುರು ಮಾಡಿದಳು. ಹತ್ತೂವರೆ ಬಂತು, ದಾಟಿತು. ನರ್ಸ್ ಅಕ್ಕಯಮ್ಮ ಮಾಸ್ಕಿನೊಳಗೇ ತುಟಿ ಅಲ್ಲಾಡಿಸುತ್ತಿದ್ದದ್ದು ಹಂಸಾಳಿಗೆ ಕಂಡಿತು. ಅವಳಿಗೆ ಒಂದು ಬಗೆಯ ಕೆಟ್ಟ ಸಂತೋಷವಾಯಿತು. ಅಪ್ಪ ಕೇಳಿದ ಮೂರು ನಿಮಿಷವನ್ನು ತಾನು ಕೇಳದೆಯೇ ತೆಗೆದುಕೊಂಡಿದ್ದಳು.

ನಾಲ್ಕು ಸ್ವಚ್ಛವಾಗಿತ್ತು. ಐದು ತಟ್ಟಿದಳು. ಆರನೆಯದರ ಮೇಲೆ ಬೆರಳಿಟ್ಟಾಗ ತಲೆಯ ಬಳಿ ನಿಂತಿದ್ದ ಅರಿವಳಿಕೆ ಡಾಕ್ಟರು, “ಪ್ರೆಶರ್ ಬೀಳ್ತಿದೆ, ಅರವತ್ತು” ಎಂದ. ಒಂದು ಕ್ಷಣ ಬಿಟ್ಟು, “ಐವತ್ತು.” ಆತ್ರೇಯನ ಕೈ ಎದೆಯ ಗೂಡಿನೊಳಗಿತ್ತು. “ಹೋಗ್ಬಿಡ್ತಾರೆ ಹಂಸಾ! ಪಂಪ್ ಹಾಕು, ಈಗ!” ಎಂದು ಅರಚಿದ. ಯಾರೋ ಟ್ರೇ ಬೀಳಿಸಿದರು. ಹಂಸಾ ಕೊಳವೆಯ ಉದ್ದಕ್ಕೂ ಕಣ್ಣೋಡಿಸಿದಳು, ಎಲ್ಲೂ ಒಂದು ಚುಕ್ಕೆಯೂ ಇರಲಿಲ್ಲ. “ಪಂಪ್ ಆನ್, ಹತ್ತು ನಲವತ್ತೊಂದು” ಎಂದು ಗಟ್ಟಿಯಾಗಿ ಹೇಳಿ ಗುಂಡಿ ತಿರುಗಿಸಿದಳು.

ಎರಡು ಗಂಟೆ ಹತ್ತು ನಿಮಿಷ ಅವರ ರಕ್ತ ಅವಳ ಕಣ್ಣ ಮುಂದೆ ಕಪ್ಪಾಗಿ ಬಂದು ಕೆಂಪಾಗಿ ಹೋಯಿತು. ಕವಾಟ ಕೂತಿತು, ಹೃದಯ ತಾನಾಗಿ ಮಿಡಿಯಿತು, ಯಂತ್ರ ನಿಂತಿತು. ಆತ್ರೇಯ ಗ್ಲೌಸ್ ಬಿಚ್ಚಿ, ಅವಳ ಕಡೆ ನೋಡದೆ ಹೊರಗೆ ಹೋದ. ಹಂಸಾ ಬಟ್ಟೆ ಬದಲಿಸುವ ಕೋಣೆಯಲ್ಲಿ ಕೂತು ಅತ್ತಳು. ಗೆದ್ದಿದ್ದೇನೆ ಎಂದೇ ಅವಳು ಅತ್ತದ್ದು.

ಡಾಕ್ಟರು ಮೂರನೆಯ ದಿನ ಕಣ್ಣು ಬಿಟ್ಟರು. ಮಗಳ ಗುರುತು ಹಿಡಿದರು, ಕಾಫಿ ಕೇಳಿದರು. ಆಮೇಲೆ, ಸತ್ತು ಹತ್ತು ವರ್ಷವಾದ ಹೆಂಡತಿ ಎಲ್ಲಿ ಎಂದು ಕೇಳಿದರು. ವಯಸ್ಸಾದವರಲ್ಲಿ ಕೆಲವರಿಗೆ ಪಂಪಿನ ಮೇಲೆ ಹೋಗಿ ಬಂದ ಮೇಲೆ ಹೀಗಾಗುವುದುಂಟು. ಕಣ್ಣಿಗೂ ಸೆನ್ಸರಿಗೂ ಸಿಗದ ಗುಳ್ಳೆಗಳು ಎನ್ನುತ್ತಾರೆ ಕೆಲವರು, ವಯಸ್ಸು ಎನ್ನುತ್ತಾರೆ ಕೆಲವರು. ಸರಿಯಾಗಿ ಗೊತ್ತಿದೆ ಎನ್ನುವವರನ್ನು ನಾನಂತೂ ನಂಬುವುದಿಲ್ಲ. ನಡೆದಾಡಿದರು, ಉಂಡರು, ಮನೆಗೆ ಹೋದರು. ಹಳೆಯದು ಬಹಳಷ್ಟು ತಿರುಗಿ ಬಂತು. ಈಚಿನ ವರ್ಷಗಳು ಮಾತ್ರ ಬರಲಿಲ್ಲ.

ಇಪ್ಪತ್ತನೆಯ ದಿನ ಬೆಳಿಗ್ಗೆ ಹಂಸಾ ವಿಶ್ವೇಶ್ವರಪುರಂನಲ್ಲಿ ಆಟೋ ಇಳಿದು ನಡೆದುಕೊಂಡೇ ಶಂಕರಪುರಂಗೆ ಹೋದಳು. ಡಾಕ್ಟರು ಅದೇ ಬೆತ್ತದ ಕುರ್ಚಿಯಲ್ಲಿದ್ದರು. ಈಗ ಉಸಿರು ಸಲೀಸಾಗಿತ್ತು, ಕೆನ್ನೆಗೆ ಬಣ್ಣ ಬಂದಿತ್ತು. ಅವಳನ್ನು ಕಂಡು ಮುಖ ಅರಳಿಸಿದರು.

“ಬಾಮ್ಮ, ನೀನು ಮುರುಗೇಶನ ಮಗಳಂತೆ! ಸುಪ್ರಜಾ ಹೇಳಿದ್ಲು. ಚಿನ್ನದಂಥ ಕೆಲಸಗಾರ ನಿಮ್ಮಪ್ಪ. ಪಾಪ, ಒಂದು ದಿನ ಎಚ್ಚರ ತಪ್ಪಿದ.”

ಹಂಸಾ ಖಾನೆ ತೋರಿಸಿ, ನೋಟುಬುಕ್ಕು ತೆಗೆಯಲು ಸುಪ್ರಜಾಳಿಗೆ ಹೇಳಿದಳು. ಹಾಳೆ ಅಲ್ಲಿಯೇ ಇತ್ತು. ಡಾಕ್ಟರು ಕನ್ನಡಕ ಹಾಕಿಕೊಂಡು ಮೊದಲಿನಿಂದ ಕೊನೆಯ ತನಕ ನಿಧಾನವಾಗಿ ಓದಿದರು. ಇನ್ನೊಂದು ಸಲ ಓದಿದರು. ಹಂಸಾ ಅವರ ಮುಖವನ್ನೇ ನೋಡುತ್ತಿದ್ದಳು. ಅದರಲ್ಲಿ ಮೋಸದ ಒಂದು ಗೆರೆಯಾದರೂ ಕಂಡಿದ್ದರೆ ಅವಳಿಗೆ ಜಗಳವಾಡಲು ದಾರಿಯಿರುತ್ತಿತ್ತು.

“ಅಕ್ಷರ ನನ್ನದರ ಹಾಗೇ ಇದೆಯಲ್ಲ” ಎಂದರು ಬೆರಗಾಗಿ. “ಯಾರಮ್ಮ ಬರೆದದ್ದು ಇದನ್ನ? ನಾನು, ರಾಹುಕಾಲ ನೋಡೋದಾ? ಜನ್ಮದಲ್ಲಿ ಪಂಚಾಂಗ ಮುಟ್ಟಿದವನಲ್ಲ ನಾನು. ಕೇಳು ಬೇಕಾದ್ರೆ, ಇಡೀ ಬಸವನಗುಡಿಗೆ ಗೊತ್ತು.” ಐವತ್ತು ವರ್ಷ ಜನರಿಗೆ ಹೇಳಿಕೊಂಡು ಬಂದದ್ದೇ ಈಗ ಅವರಿಗೆ ನೆನಪಾಗಿ ಉಳಿದಿತ್ತು.

“ನೀವೇ ಬರ್ದಿದ್ದು ಡಾಕ್ಟ್ರೇ. ಇಲ್ಲೇ ಕೂತು ಹೇಳಿದ್ರಿ ನನಗೆ. ಸಹಿ ಹಾಕ್ತೀನಿ ಅಂದಿದ್ರಿ.”

“ಸುಳ್ಳಿಗೆ ಹ್ಯಾಗಮ್ಮ ಸಹಿ ಹಾಕ್ಲಿ?” ಅವರು ಕನಿಕರದಿಂದ ಅವಳ ಕೈ ತಟ್ಟಿದರು. “ಅಪ್ಪನ ಮೇಲೆ ಪ್ರೀತಿ ಇರುತ್ತೆ. ನಂಗೆ ಅರ್ಥ ಆಗುತ್ತೆ. ತಪ್ಪು ಎಲ್ರೂ ಮಾಡ್ತಾರೆ. ಅವನು ಒಪ್ಕೊಂಡಿದ್ನಲ್ಲ, ಅದು ದೊಡ್ಡದು.”

ಅವರ ಅಂಗೈ ಬೆಚ್ಚಗಿತ್ತು. ಅದನ್ನು ಬೆಚ್ಚಗೆ ಮಾಡಿದವಳು ತಾನೇ ಎಂದು ನೆನೆದು ಅವಳಿಗೆ ಹೇಸಿಗೆಯಾಯಿತು.

ಸುಪ್ರಜಾ ಹಾಳೆಯನ್ನು ಅಪ್ಪನ ಕೈಯಿಂದ ಮೆಲ್ಲಗೆ ತೆಗೆದುಕೊಂಡು ನಾಲ್ಕು ಮಡಿಕೆ ಮಾಡಿ ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಗೇಟಿನ ತನಕ ಬಂದಳು. ಹಂಸಾ ಕೈ ಚಾಚಿದಾಗ ಕೊಡಲಿಲ್ಲ.

“ಬಿಟ್ಬಿಡಿ ಹಂಸಾ. ಅವರಿಗೆ ಈಗ ಅದೆಲ್ಲ ಬೇಡ.” ಗೇಟಿನ ಚಿಲಕ ತೆಗೆಯುತ್ತಾ ಹೇಳಿದಳು: “ಹತ್ತು ನಲವತ್ತೊಂದಕ್ಕಂತೆ ಪಂಪ್ ಹಾಕಿದ್ದು. ಆತ್ರೇಯ ನೋಟ್ಸಲ್ಲಿ ಬರ್ದಿದಾರೆ, ಪಂಪಿನವರ ಕಡೆಯಿಂದ ತಡ ಆಯ್ತು ಅಂತ. ಅಪ್ಪ ಹೀಗಾಗಿದ್ದು ಅದಕ್ಕೇ ಅಂತ ನಾನು ಹೇಳ್ತಿಲ್ಲ. ಮನೆಯವರೆಲ್ಲ ಹೇಳ್ತಿದಾರೆ.”

“ಗಾ‍ಳಿ ಇತ್ತು ಮೇಡಂ. ತಡ ಮಾಡದೇ ಇದ್ದಿದ್ರೆ ಅವರು ಕಣ್ಣೇ ಬಿಡ್ತಿರ್ಲಿಲ್ಲ.”

“ಎಲ್ಲಾ ತೆಗೆದ್ರಿ ತಾನೆ? ಒಂದೂ ಬಿಡದೆ?” ಸುಪ್ರಜಾ ಕೇಳಿದಳು. ಆ ಪ್ರಶ್ನೆಯಲ್ಲಿ ಕೊಂಕಿರಲಿಲ್ಲ, ಮಗಳೊಬ್ಬಳ ಹೆದರಿಕೆ ಇತ್ತು.

“ಎಲ್ಲಾ ತೆಗ್ದೆ” ಎಂದಳು ಹಂಸಾ.

ಮನೆಯ ಬಾಗಿಲಲ್ಲೇ ಮಹಾನಂದಮ್ಮ ಕಾಯುತ್ತಿದ್ದಳು. ಬೆಳಿಗ್ಗೆಯಿಂದ ಅದೇ ಕೆಲಸವಾಗಿತ್ತೆಂದು ಕಾಣುತ್ತದೆ, ಒಳ್ಳೆಯ ಸೀರೆ ಉಟ್ಟಿದ್ದಳು, ಹಣೆಯ ತುಂಬ ವಿಭೂತಿ. “ಸಹಿ ಹಾಕಿದ್ನಾ?” ಎಂದಳು.

ಹಂಸಾ ಆ ಮುಖ ನೋಡಿದಳು. “ಹಾಕಿದ್ರು ಅಮ್ಮ. ಕಾಗ್ದ ಆಸ್ಪತ್ರೆಗೆ ಕೊಟ್ಟು ಬಂದೆ.”

ಮಹಾನಂದಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಆಮೇಲೆ ನಡುಮನೆಗೆ ಹೋಗಿ ಗಂಡನ ಫೋಟೋ ಮುಂದೆ ನಿಂತು ಎದುರಿಗಿದ್ದವನ ಜೊತೆ ಮಾತಾಡುವ ಹಾಗೆ ಮಾತಾಡತೊಡಗಿದಳು. “ಕೇಳಿಸ್ತೇನ್ರೀ? ನೀವಲ್ಲ. ನೀವು ಬಿಟ್ಟಿದ್ದಲ್ಲ. ಇನ್ಮೇಲೆ ಯಾರೂ ಅನ್ನಲ್ಲ.” ಐವತ್ತು ವರ್ಷದ ಅಳು ಒಟ್ಟಿಗೆ ಬಂದಂತೆ ಆಕೆ ಅಳುತ್ತಾ ನಗುತ್ತಾ ಇದ್ದಳು.

ಹಂಸಾ ಕೈಕಾಲು ತೊಳೆಯಲು ಬಚ್ಚಲಿಗೆ ಹೋದಳು. ನಲ್ಲಿ ತಿರುಗಿಸಿ, ಹರಿಯುವ ನೀರಿಗೆ ಕೈಯೊಡ್ಡಿ ನಿಂತಳು. ಎಲ್ಲಾ ತೆಗ್ದೆ ಎಂದು ಹೇಳಿ ಬಂದಿದ್ದಳು, ತೆಗೆದೂ ಇದ್ದಳು. ಸುಮ್ಮನೆ ಸಮಾಧಾನಕ್ಕೆಂದು ಬೆರಳು ಮಡಿಸಿದಳು. ಒಂದು, ಎರಡು, ಮೂರು. ನಾಲ್ಕನೆಯದಕ್ಕೆ ಹೊಸ ಮುಚ್ಚಳ. ಐದು. ಆರನೆಯದರ ಮೇಲೆ ಬೆರಳಿದ್ದಾಗ ಪ್ರೆಶರ್ ಅರವತ್ತು, ಐವತ್ತು, ಆತ್ರೇಯ ಅರಚಿದ್ದು, ಟ್ರೇ ಬಿದ್ದದ್ದು, ಹತ್ತು ನಲವತ್ತೊಂದು.

ಅವಳು ಮತ್ತೆ ಒಂದರಿಂದ ಶುರು ಮಾಡಿದಳು. ಆರರ ತನಕ ಎಲ್ಲ ನೆನಪಿತ್ತು. ಒಳಗೆ ಅಮ್ಮ ಇನ್ನೂ ಫೋಟೋ ಜೊತೆ ಮಾತಾಡುತ್ತಿದ್ದಳು. ಏಳನೆಯದನ್ನು ತಟ್ಟಿದ ನೆನಪು ಎಷ್ಟು ಹುಡುಕಿದರೂ ಹಂಸಾಳಿಗೆ ಸಿಗಲಿಲ್ಲ.